ಮಗುವಿಗೆ ಕ್ಯಾನ್ಸರ್: ಆಸ್ಪತ್ರೆಯ ಆಸರೆ ಊರಿಗೆ ಬರುವುದೆಂದು?

ಹೊಳಲ್ಕೆರೆ: ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ವೈದ್ಯರು ತಿಳಿಸಿದಾಗ ಬಡ ಕುಟುಂಬವನ್ನು ಮೊದಲು ಕಾಡುವುದು ಹಣದ ಚಿಂತೆ. ಆ ಚಿಂತೆಗೆ ಕರ್ನಾಟಕದಲ್ಲಿ ಇಂದು ಬಹುಮಟ್ಟಿನ ಪರಿಹಾರವಿದೆ. ಆದರೆ ಚಿಕಿತ್ಸೆಯ ಮೊದಲ ಹಂತ ಮುಗಿಸಿ ಊರಿಗೆ ಮರಳಿದ ಬಳಿಕ ದಿನಕ್ಕೊಂದರಂತೆ ಏಳುವ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ. ನಗರಗಳಲ್ಲಿ ಅಂತರ್ಜಾಲದ ಆಸರೆ ಬಳಗಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತಿವೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನಂಥ ತಾಲ್ಲೂಕುಗಳ ಹಳ್ಳಿಗೆ ಅವು ತಲುಪಬೇಕಾದರೆ ಅವುಗಳ ರೂಪವೇ ಬದಲಾಗಬೇಕಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಹಾಗೂ ಹದಿಹರೆಯದವರು ಕ್ಯಾನ್ಸರ್‌ಗೆ ತುತ್ತಾಗುತ್ತಾರೆ. ಶ್ರೀಮಂತ ರಾಷ್ಟ್ರಗಳಲ್ಲಿ ಅವರ ಪೈಕಿ ಶೇ 80ಕ್ಕೂ ಹೆಚ್ಚು ಮಂದಿ ಗುಣಮುಖರಾದರೆ, ಅನೇಕ ಬಡ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ ಆ ಪ್ರಮಾಣ ಶೇ 30ಕ್ಕಿಂತಲೂ ಕಡಿಮೆ. ಇದನ್ನು 2030ರ ವೇಳೆಗೆ ಕನಿಷ್ಠ ಶೇ 60ಕ್ಕೆ ಏರಿಸುವ ಗುರಿಯನ್ನು ಸಂಸ್ಥೆಯು 2018ರಲ್ಲಿ ಪ್ರಕಟಿಸಿತು. ಈ ಅಂತರಕ್ಕೆ ಔಷಧದ ಅಭಾವವೊಂದೇ ಕಾರಣವಲ್ಲ. ರೋಗ ಪತ್ತೆಯಲ್ಲಿನ ವಿಳಂಬ ಮತ್ತು ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದೂ ಮುಖ್ಯ ಕಾರಣಗಳು.

ಊರಿಗೆ ಮರಳಿದ ನಂತರ

ಜಿಲ್ಲೆಯ ಬಡ ಕುಟುಂಬಗಳ ಪಾಲಿಗೆ ಕ್ಯಾನ್ಸರ್ ಚಿಕಿತ್ಸೆ ಎಂದರೆ ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಈ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಪ್ರತ್ಯೇಕ ವಿಭಾಗವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ರೋಗಿಗೂ ಜೊತೆಗಾರರಿಗೂ ರೈಲು ಪ್ರಯಾಣದಲ್ಲಿ ರಿಯಾಯಿತಿ ಇದೆ. ಹೊಳಲ್ಕೆರೆ ತಾಲ್ಲೂಕಿನಲ್ಲೇ ಇರುವ ಚಿಕ್ಕಜಾಜೂರು ಜಂಕ್ಷನ್‌ನಿಂದ ಬೆಂಗಳೂರಿಗೆ ರೈಲು ಸಿಗುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ತಾಯಿಯ ಪ್ರಯಾಣವೂ ಉಚಿತವಾಗಿದೆ.

ಇಷ್ಟಿದ್ದರೂ ಸಮಸ್ಯೆ ತೀರುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ರಕ್ತಕ್ಯಾನ್ಸರ್‌ಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಆಸುಪಾಸಿನಲ್ಲೇ ಕಳೆಯುತ್ತವೆ. ಆಮೇಲಿನ ದೀರ್ಘ ಅವಧಿಯಲ್ಲಿ ಮಗು ಊರಿನಲ್ಲಿದ್ದುಕೊಂಡು ಮಾತ್ರೆ ನುಂಗುತ್ತ, ಆಗಾಗ ತಪಾಸಣೆಗೆ ಹೋಗಿ ಬರಬೇಕಾಗುತ್ತದೆ. ಅಪಾಯ ಅಡಗಿರುವುದು ಈ ಹಂತದಲ್ಲಿಯೇ. ಉದುರಿದ ಕೂದಲು ಮತ್ತೆ ಬಂದು, ಮಗು ಆಡಿಕೊಂಡಿರುವುದನ್ನು ಕಂಡ ಮನೆಯವರಿಗೆ ಇನ್ನು ಮಾತ್ರೆ ಏಕೆ ಎನಿಸುವುದು ಸಹಜ. ಅಡಿಕೆ ಕೊಯ್ಲು, ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ಬೆಂಗಳೂರಿಗೆ ಹೋದರೆ ದಿನಗೂಲಿ ತಪ್ಪುತ್ತದೆ. ಆ ನಷ್ಟವನ್ನು ಯಾವ ಆರೋಗ್ಯ ಕಾರ್ಡೂ ತುಂಬಿಕೊಡದು.

ಜ್ವರದ ವಿಷಯ ಇನ್ನೂ ಗಂಭೀರ. ಕಿಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಿರುವ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತು ಸ್ಥಿತಿಯೇ. ಬೇರೆ ಮಕ್ಕಳಿಗೆ ಮಾಡುವಂತೆ ಜ್ವರದ ಮಾತ್ರೆ ನೀಡಿ ಬೆಳಗಾಗಲೆಂದು ಕಾದರೆ ಪ್ರಾಣಕ್ಕೇ ಸಂಚಕಾರ. ಯಾವ ಆಸ್ಪತ್ರೆಗೆ ಓಡಬೇಕು, ಕರ್ತವ್ಯದಲ್ಲಿರುವ ವೈದ್ಯರಿಗೆ ಏನು ಹೇಳಬೇಕು, ಯಾವ ಕಾಗದ ತೋರಿಸಬೇಕು ಎಂಬುದನ್ನು ಆ ಹಾದಿಯಲ್ಲಿ ಈಗಾಗಲೇ ನಡೆದ ತಾಯಿ ಎರಡೇ ಮಾತಿನಲ್ಲಿ ತಿಳಿಸಬಲ್ಲಳು.

ಕಿದ್ವಾಯಿಯ ವಾರ್ಡು ಹಾಗೂ ಅಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆಯಲ್ಲಿ ಅಂಥ ಮಾತು ತಾನಾಗಿಯೇ ಸಿಗುತ್ತದೆ. ಬೇರೆ ಬೇರೆ ಜಿಲ್ಲೆಗಳ ತಂದೆತಾಯಿಯರು ಒಬ್ಬರಿಗೊಬ್ಬರು ಗುರುಗಳಾಗುವ ತಾಣಗಳವು. ಊರಿನ ಬಸ್ಸು ಹತ್ತಿದೊಡನೆ ಆ ಕೊಂಡಿ ಕಳಚುತ್ತದೆ.

ತೆರೆಯ ಮೇಲಿನ ಬಳಗ

ಈ ಕೊಂಡಿಯನ್ನು ಉಳಿಸಿಕೊಳ್ಳುವ ಯತ್ನ ವಿದೇಶಗಳಲ್ಲಿ ಹಳೆಯದು. ಅಮೆರಿಕದಲ್ಲಿ ಕ್ಯಾನ್ಸರ್ ಪೀಡಿತರು 1990ರ ದಶಕದಲ್ಲೇ ಅಂತರ್ಜಾಲದಲ್ಲಿ ಒಂದುಗೂಡತೊಡಗಿದರು. ಯುವಜನರಿಗೆಂದೇ 2007ರಲ್ಲಿ ಅಲ್ಲಿ 'ಸ್ಟುಪಿಡ್ ಕ್ಯಾನ್ಸರ್' ಸಂಘಟನೆ ಹುಟ್ಟಿತು. ಭಾರತದಲ್ಲಿ 2004ರಲ್ಲಿ ಆರಂಭವಾದ 'ಕ್ಯಾನ್‌ಕಿಡ್ಸ್ ಕಿಡ್ಸ್‌ಕ್ಯಾನ್' ಸಂಸ್ಥೆಯು ಪೋಷಕರನ್ನೂ ಗುಣಮುಖರಾದ ಯುವಜನರನ್ನೂ ಸಂಘಟಿಸುತ್ತ ಬಂದಿದೆ. ಇವುಗಳ ಜೊತೆಗೆ ಇಂದು ವಾಟ್ಸ್‌ಆ್ಯಪ್ ಗುಂಪುಗಳೂ ಸೇರಿಕೊಂಡಿವೆ.

ಹದಿನಾರು, ಹದಿನೆಂಟರ ವಯಸ್ಸಿನವರಿಗೆ ಇಂಥ ಬಳಗದ ಅಗತ್ಯ ಇನ್ನೂ ಹೆಚ್ಚು. ಮಕ್ಕಳ ವಾರ್ಡಿಗೂ ದೊಡ್ಡವರ ವಾರ್ಡಿಗೂ ಸೇರದ ವಯಸ್ಸದು. ಎಸ್ಸೆಸ್ಸೆಲ್ಸಿ ತಪ್ಪೀತೆ, ಗೆಳೆಯರು ದೂರವಾದಾರೆ, ಮುಂದೆ ಮಕ್ಕಳಾಗುವುವೇ ಎಂಬ ಆತಂಕಗಳನ್ನು ಅವರು ಹೆತ್ತವರ ಮುಂದೆ ಆಡಲಾರರು. ಹೆಣ್ಣುಮಕ್ಕಳ ವಿಷಯದಲ್ಲಂತೂ ಮದುವೆಗೆ ತೊಡಕಾದೀತೆಂಬ ಭಯದಿಂದ ಮನೆಯವರೇ ರೋಗವನ್ನು ಮುಚ್ಚಿಡುವುದುಂಟು. ಗುಣಮುಖರಾಗಿ ಕಾಲೇಜಿಗೆ ಹೋಗುತ್ತಿರುವ ಒಬ್ಬರ ದನಿ ಕೇಳಿದರೆ ಅವರಿಗೆ ಸಿಗುವ ಧೈರ್ಯವೇ ಬೇರೆ.

ತೊಡಕುಗಳೂ ಉಂಟು

ಆದರೆ ದೊಡ್ಡ ಬಳಗಗಳ ವ್ಯವಹಾರ ಬಹುಪಾಲು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ತಂದೆಯೊಡನೆ ಕೆಲಸಕ್ಕೆ ಹೋಗುತ್ತದೆ. ಮಗುವಿನ ಆರೈಕೆ ಮಾಡುವ ತಾಯಿಯ ಕೈಯಲ್ಲಿ ಇರುವುದಿಲ್ಲ. ಓದು ಬಾರದವರಿಗೆ ಬರಹದ ಸಂದೇಶದಿಂದ ಪ್ರಯೋಜನವಿಲ್ಲ.

ಉಸ್ತುವಾರಿ ಇಲ್ಲದ ಗುಂಪಿನಿಂದ ಹಾನಿಯೂ ಆದೀತು. ಕ್ಯಾನ್ಸರ್ ಕರಗಿಸುವ ಕಷಾಯ, ಪಥ್ಯ, ಪುಡಿಗಳ ಸಂದೇಶಗಳು ಹರಿದಾಡುವುದು ಇಂಥಲ್ಲಿಯೇ. ನೆರವಿನ ಹೆಸರಿನಲ್ಲಿ ಮಗುವಿನ ಚಿತ್ರ, ಆಸ್ಪತ್ರೆಯ ಕಾಗದ, ಬ್ಯಾಂಕ್ ಖಾತೆಯ ವಿವರ ಊರೂರು ಸುತ್ತುತ್ತವೆ. ಗುಣವಾದ ಬಳಿಕವೂ ಆ ಚಿತ್ರ ಮೊಬೈಲ್‌ಗಳಲ್ಲಿ ಉಳಿದಿರುತ್ತದೆ. ಇದಕ್ಕಿಂತ ದಾರುಣವಾದದ್ದು ಸಾವಿನ ಸುದ್ದಿ. ಗುಂಪಿನ ಒಂದು ಮಗು ತೀರಿಕೊಂಡ ಸಂದೇಶ ನಡುರಾತ್ರಿ ಬಂದರೆ, ಅದೇ ಕಾಯಿಲೆಯ ಮಗುವಿನ ಪಕ್ಕದಲ್ಲಿ ಮಲಗಿರುವ ತಾಯಿಗೆ ಸಮಾಧಾನ ಹೇಳುವವರಾರು? ಒಂದೇ ಹೆಸರಿನ ಕಾಯಿಲೆಯಾದರೂ ಪ್ರತಿ ಮಗುವಿನ ಸ್ಥಿತಿ ಬೇರೆ ಎಂದು ಆ ಹೊತ್ತಿನಲ್ಲಿ ತಿಳಿಸಿ ಹೇಳಲು ಅನುಭವಿಗಳು ಬೇಕು.

ಆಗಬೇಕಾದ್ದೇನು?

ಹೀಗಾಗಿ ಗುಂಪು ಕಟ್ಟಿ ಕೈತೊಳೆದುಕೊಂಡರೆ ಸಾಲದು. ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರ ಉಸ್ತುವಾರಿಯಲ್ಲಿ, ಜಿಲ್ಲೆಗೊಂದರಂತೆ, ಕನ್ನಡದ ಧ್ವನಿ ಸಂದೇಶಗಳಲ್ಲೇ ನಡೆಯುವ ಸಣ್ಣ ಬಳಗಗಳು ಬೇಕು. ಮಗುವನ್ನು ಮನೆಗೆ ಕಳುಹಿಸುವ ದಿನವೇ, ಅದೇ ಜಿಲ್ಲೆಯ, ಚಿಕಿತ್ಸೆ ಪೂರೈಸಿದ ಮಗುವಿನ ತಂದೆತಾಯಿಯರನ್ನು ಅವರ ಒಪ್ಪಿಗೆ ಪಡೆದು ಪರಿಚಯಿಸಬೇಕು. ಮಗುವಿನ ವಿವರವಿರುವ ಚೀಟಿ ತಾಲ್ಲೂಕು ಆಸ್ಪತ್ರೆಗೂ ಆಶಾ ಕಾರ್ಯಕರ್ತೆಗೂ ತಲುಪಬೇಕು. ಮನಸ್ಸು ಕುಸಿದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡಬೇಕು. ಕನ್ನಡದಲ್ಲೇ ಮಾತನಾಡಲು ಅಲ್ಲಿ ಅವಕಾಶವಿದೆ.

ಇವುಗಳಿಗೆ ಹೊಸ ಕಟ್ಟಡ ಬೇಡ, ಕೋಟಿಗಟ್ಟಲೆ ಅನುದಾನವೂ ಬೇಡ. ಲಕ್ಷಾಂತರ ರೂಪಾಯಿಯ ಚಿಕಿತ್ಸೆಯನ್ನು ಉಚಿತವಾಗಿ ನೀಡುವ ಸರ್ಕಾರ, ಆ ಚಿಕಿತ್ಸೆ ಕೊನೆಯ ಮಾತ್ರೆಯವರೆಗೆ ಸಾಗುವಂತೆ ನೋಡಿಕೊಳ್ಳುವುದೂ ತನ್ನ ಹೊಣೆ ಎಂದು ಭಾವಿಸಬೇಕಷ್ಟೆ.