ದೊಡ್ಡವರು ಮಾರಿಯೋ ಆಡಿದರೆ ಮೆದುಳು ಬೆಳೆಯುತ್ತದೆಯೇ, ಹಾಳಾಗುತ್ತದೆಯೇ?

ವಿಡಿಯೋ ಗೇಮ್ ಬಗ್ಗೆ ವಾಟ್ಸ್‌ಆಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಒಂದು ಹೆದರಿಸುವಂಥದ್ದು: ಗೇಮ್ ಆಡುವುದು ಮಾನಸಿಕ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ಇಂದೇ ಬಿಡಿಸಿ. ಇನ್ನೊಂದು ಹುರಿದುಂಬಿಸುವಂಥದ್ದು: ದಿನಕ್ಕೆ ಅರ್ಧ ಗಂಟೆ ಮಾರಿಯೋ ಆಡಿ, ಮರೆವಿನ ಕಾಯಿಲೆ ಹತ್ತಿರವೂ ಸುಳಿಯುವುದಿಲ್ಲ. ಎರಡರ ಕೊನೆಯಲ್ಲೂ ‘ತಪ್ಪದೆ ಎಲ್ಲರಿಗೂ ಕಳುಹಿಸಿ’ ಎಂಬ ಸಾಲು ಇದ್ದೇ ಇರುತ್ತದೆ.

ಎರಡರಲ್ಲೂ ಒಂದೊಂದು ಚೂರು ನಿಜವಿದೆ. ಆದ್ದರಿಂದಲೇ ಜನ ನಂಬುತ್ತಾರೆ. ಮೊದಲನೆಯದನ್ನು ನಂಬಿದ ಮನೆಯಲ್ಲಿ, ಕೆಲಸವೆಲ್ಲ ಮುಗಿಸಿ ರಾತ್ರಿ ಇಪ್ಪತ್ತು ನಿಮಿಷ ಆಡುವ ಗೃಹಿಣಿ ‘ಹುಚ್ಚು ಹಿಡಿದವಳು’ ಎನಿಸಿಕೊಳ್ಳಬೇಕಾಗುತ್ತದೆ. ಎರಡನೆಯದನ್ನು ನಂಬಿದ ಮನೆಯಲ್ಲಿ, ಮರೆವು ಶುರುವಾದ ತಾತನ ಕೈಗೆ ಮೊಬೈಲ್ ಕೊಟ್ಟು, ಡಾಕ್ಟರ ಬಳಿ ಕರೆದೊಯ್ಯುವುದನ್ನು ಮುಂದೂಡುತ್ತಾರೆ. ಎರಡೂ ಕಡೆ ನಷ್ಟ ಮನುಷ್ಯರಿಗೇ. ಹಾಗಾಗಿ ಇವುಗಳ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪ್ಲಾಟ್‌ಫಾರ್ಮ್ ಗೇಮ್ ಎಂದರೇನು?

ಓಡುತ್ತ, ಜಿಗಿಯುತ್ತ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರುತ್ತ ಮುಂದೆ ಸಾಗುವ ಆಟಗಳಿಗೆ ಈ ಹೆಸರು. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮಾರಿಯೋ. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ರೂಪಿಸಿದ ಈ ಪಾತ್ರ ಮೊದಲು ಕಾಣಿಸಿಕೊಂಡಿದ್ದು 1981ರ ‘ಡಾಂಕಿ ಕಾಂಗ್’ ಆಟದಲ್ಲಿ. ‘ಸೂಪರ್ ಮಾರಿಯೋ ಬ್ರದರ್ಸ್’ ಬಂದಿದ್ದು 1985ರಲ್ಲಿ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮ್ ನೆನಪಿದೆಯೇ? ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದ ಆ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಇಂದು ಫೋನಿನಲ್ಲೋ ಕನ್ಸೋಲ್‌ನಲ್ಲೋ ಮತ್ತೆ ಇಂಥ ಆಟ ಹಿಡಿದು ಕೂರುವವರಲ್ಲಿ ಅವರೂ ಇದ್ದಾರೆ.

‘ಈ ವಯಸ್ಸಿನಲ್ಲಿ ಆಟವೇ?’ ಎಂದು ಕೇಳುವವರು ಒಮ್ಮೆ ನಮ್ಮ ಹಳೆಯ ದೇವಸ್ಥಾನಗಳ ಕಲ್ಲುಹಾಸನ್ನು ನೋಡಬೇಕು. ಹಲವೆಡೆ ಚೌಕಾಬಾರ, ಹುಲಿ-ಕುರಿ ಆಟದ ಮನೆಗಳನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ. ಪಗಡೆ, ಅಳಗುಳಿ ಮಣೆ ದೊಡ್ಡವರೂ ಕೂತು ಆಡಿದ ಆಟಗಳೇ. ಈಗ ಬದಲಾಗಿರುವುದು ಆಟದ ಮಣೆ ಮಾತ್ರ.

ಈ ಆಟಗಳು ಏಕೆ ಹಗುರ ಎನಿಸುತ್ತವೆ?

ಹಳೆಯ ಆರ್ಕೇಡ್ ಅಂಗಡಿಗಳಲ್ಲಿ ಆಟಗಾರ ಬೇಗ ಸೋತಷ್ಟೂ ಮಾಲೀಕರಿಗೆ ಲಾಭ, ಏಕೆಂದರೆ ಪ್ರತಿ ಆಟಕ್ಕೂ ನಾಣ್ಯ ಹಾಕಬೇಕಿತ್ತು. ಮನೆಯಲ್ಲಿ ಆಡುವ ಆಟಗಳಿಗೆ ಆ ಒತ್ತಾಯವಿರಲಿಲ್ಲ. ಹೀಗಾಗಿ ತಯಾರಕರು ನಿಧಾನವಾಗಿ ಸೋಲನ್ನು ಅಗ್ಗ ಮಾಡುತ್ತ ಬಂದರು. 1992ರಲ್ಲಿ ಬಂದ ‘ಕಿರ್ಬಿ’ಯನ್ನು ಹೊಸಬರೂ ಆಡಿ ಮುಗಿಸಲೆಂದೇ ಸುಲಭವಾಗಿ ಮಾಡಲಾಗಿತ್ತು. 2010ರ ‘ಕಿರ್ಬಿಸ್ ಎಪಿಕ್ ಯಾರ್ನ್’ ಆಟದಲ್ಲಿ ಸಾವೇ ಇಲ್ಲ. 2017ರ ‘ಸೂಪರ್ ಮಾರಿಯೋ ಒಡಿಸ್ಸಿ’ಯಲ್ಲಿ ಗುಂಡಿಗೆ ಬಿದ್ದರೆ ಹೋಗುವುದು ಆಟದೊಳಗಿನ ಹತ್ತು ನಾಣ್ಯ, ಅಷ್ಟೇ.

ಕಣ್ಣಿಗೆ ಕಾಣದ ಇನ್ನೊಂದು ಉಪಾಯವೂ ಇದೆ. ಇಂಥ ಎಷ್ಟೋ ಆಟಗಳಲ್ಲಿ, ಕಟ್ಟೆಯ ಅಂಚು ದಾಟಿದ ಮೇಲೂ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಹೊತ್ತು ಜಿಗಿಯುವ ಗುಂಡಿ ಕೆಲಸ ಮಾಡುತ್ತದೆ. ಬೆರಳು ತುಸು ತಡವಾದರೂ ಆಟ ಕ್ಷಮಿಸುತ್ತದೆ. ಆಟಗಾರನಿಗೆ ಮಾತ್ರ ‘ಅಬ್ಬಾ, ಕೊನೇ ಗಳಿಗೆಯಲ್ಲಿ ಹಾರಿಬಿಟ್ಟೆ!’ ಎಂಬ ಖುಷಿ.

ಕಲಿಸುವ ರೀತಿಯೂ ಹಾಗೆಯೇ. 1985ರ ಮಾರಿಯೋದ ಮೊದಲ ಹಂತದಲ್ಲಿ ಒಂದು ಸಾಲು ಸೂಚನೆಯೂ ಇಲ್ಲ. ಎದುರಿನಿಂದ ಅಣಬೆಯಂಥ ಪ್ರಾಣಿಯೊಂದು ನಡೆದು ಬರುತ್ತದೆ. ತಾಗಿದರೆ ಸೋಲು. ಆದರೆ ಆಟ ಶುರುವಾಗಿ ಕೆಲವೇ ಸೆಕೆಂಡು ಆಗಿರುವುದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಮರುಸಲ ಜಿಗಿಯುತ್ತೀರಿ, ಪಾಠ ತಲೆಗೆ ಹೋಯಿತು. ದಿನವಿಡೀ ಒಂದು ತಪ್ಪಿಗೂ ಲೆಕ್ಕ ಕೊಡಬೇಕಾದ ದೊಡ್ಡವರಿಗೆ, ತಪ್ಪಿದರೂ ಯಾರೂ ಬೈಯದ ಇಂಥ ಜಾಗ ಹಿತವೆನಿಸುವುದರಲ್ಲಿ ಆಶ್ಚರ್ಯವಿಲ್ಲ.

‘ಮೆದುಳು ಬೆಳೆಯುತ್ತದೆ’ ಎಂಬ ಮಾತು ಎಲ್ಲಿಂದ ಬಂತು?

ಇದಕ್ಕೆ ಮೂಲ ನಿಜವಾದ ಸಂಶೋಧನೆಗಳೇ. 2013ರಲ್ಲಿ ಜರ್ಮನಿಯ ಬರ್ಲಿನ್‌ನ ವಿಜ್ಞಾನಿಗಳು 23 ಯುವ ವಯಸ್ಕರಿಗೆ ಎರಡು ತಿಂಗಳ ಕಾಲ ದಿನಕ್ಕೆ ಅರ್ಧ ಗಂಟೆ ‘ಸೂಪರ್ ಮಾರಿಯೋ 64’ ಆಡಿಸಿದ ಅಧ್ಯಯನ ಪ್ರಕಟವಾಯಿತು. ಮೊದಲು ಮತ್ತು ನಂತರ ತೆಗೆದ ಎಂಆರ್‌ಐ ಚಿತ್ರಗಳನ್ನು ಹೋಲಿಸಿದಾಗ, ಆಡದ ಗುಂಪಿಗಿಂತ ಇವರ ಮೆದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ ಹೆಚ್ಚಿತ್ತು. ಅದರಲ್ಲಿ ಮುಖ್ಯವಾದದ್ದು ಹಿಪ್ಪೊಕ್ಯಾಂಪಸ್. ನೆನಪು ಮತ್ತು ದಾರಿಯ ಅರಿವಿಗೆ ಬೇಕಾದ ಭಾಗವಿದು. ಆಲ್ಜೈಮರ್ ಕಾಯಿಲೆಯಲ್ಲಿ ಮೊದಮೊದಲೇ ಸೊರಗುವುದೂ ಇದೇ.

2017ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ 55ರಿಂದ 75 ವರ್ಷದವರನ್ನು ಮೂರು ಗುಂಪು ಮಾಡಿತು. ಒಂದು ಗುಂಪು ಆರು ತಿಂಗಳು, ವಾರಕ್ಕೆ ಐದು ದಿನ, ಅರ್ಧ ಗಂಟೆ ಅದೇ ಮಾರಿಯೋ 64 ಆಡಿತು. ಇನ್ನೊಂದು ಗುಂಪು ಪಿಯಾನೋ ಕಲಿಯಿತು. ಮೂರನೆಯದು ಹೊಸದೇನನ್ನೂ ಕಲಿಯಲಿಲ್ಲ. ಹಿಪ್ಪೊಕ್ಯಾಂಪಸ್‌ನಲ್ಲಿ ಹೆಚ್ಚಳ ಕಂಡದ್ದು ಆಟದ ಗುಂಪಿನಲ್ಲಿ. ಪಿಯಾನೋ ಗುಂಪಿನಲ್ಲಿ ಬೇರೆ ಭಾಗಗಳಲ್ಲಿ ಹೆಚ್ಚಳವಿತ್ತು.

ಈಗ ಸಂದೇಶದಲ್ಲಿ ಬರೆಯದ ಮಾತುಗಳು. ಒಂದು, ಮೂರು ಗುಂಪು ಸೇರಿಯೂ ಇದ್ದವರು 33 ಜನ. ಇಷ್ಟು ಚಿಕ್ಕ ಅಧ್ಯಯನ ಒಂದು ಸುಳಿವು ಕೊಡಬಹುದು, ತೀರ್ಪು ಕೊಡಲಾರದು. ಎರಡು, ಬೂದು ದ್ರವ್ಯ ಹೆಚ್ಚಿದ್ದಕ್ಕೂ ಮರೆವಿನ ಕಾಯಿಲೆ ತಪ್ಪುವುದಕ್ಕೂ ನಡುವೆ ಬಹಳ ದೂರವಿದೆ. ಆರು ತಿಂಗಳ ಅಧ್ಯಯನದಿಂದ ಇಪ್ಪತ್ತು ವರ್ಷದ ನಂತರದ ಮಾತು ಹೇಳಲಾಗದು. ಮೂರು, ಮಾರಿಯೋ 64 ಮೂರು ಆಯಾಮದ ಆಟ. ಕೋಟೆಯ ಯಾವ ಬಾಗಿಲು ಎಲ್ಲಿಗೆ, ಯಾವ ಗುಡ್ಡದ ಹಿಂದೆ ಏನಿದೆ ಎಂಬ ನಕ್ಷೆಯನ್ನು ಆಟಗಾರ ತಲೆಯಲ್ಲೇ ಕಟ್ಟಿಕೊಳ್ಳಬೇಕು. ಹಿಪ್ಪೊಕ್ಯಾಂಪಸ್‌ಗೆ ಕೆಲಸ ಸಿಗುವುದು ಅಲ್ಲಿ ಎಂಬುದು ವಿಜ್ಞಾನಿಗಳ ಊಹೆ. ಲಂಡನ್ನಿನ ಗಲ್ಲಿಗಲ್ಲಿಯನ್ನೂ ಬಾಯಿಪಾಠ ಮಾಡಬೇಕಾದ ಟ್ಯಾಕ್ಸಿ ಚಾಲಕರಲ್ಲಿ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಿರುವುದು 2000ದಲ್ಲೇ ವರದಿಯಾಗಿತ್ತು. ಫೋನಿನಲ್ಲಿ ಎಡದಿಂದ ಬಲಕ್ಕೆ ಓಡುತ್ತ ಹೋಗುವ ಆಟಕ್ಕೆ ಈ ಫಲಿತಾಂಶವನ್ನು ಹಾಗೇ ಅಂಟಿಸುವಂತಿಲ್ಲ.

‘ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎಂದಿದೆ’ — ನಿಜವೇ?

ಅರ್ಧ ನಿಜ. 2019ರಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಆದರೆ ಆಡಿದವರೆಲ್ಲ ರೋಗಿಗಳು ಎಂದು ಅಲ್ಲಿ ಬರೆದಿಲ್ಲ. ಅದಕ್ಕೆ ಮೂರು ಲಕ್ಷಣ ಕೂಡಿರಬೇಕು: ಆಟ ಹಿಡಿತ ತಪ್ಪಿರಬೇಕು, ಬದುಕಿನ ಬೇರೆ ಕೆಲಸ, ಬೇರೆ ಆಸಕ್ತಿಗಳಿಗಿಂತ ಆಟವೇ ಮೇಲಾಗಿರಬೇಕು, ಹಾನಿಯಾಗುತ್ತಿದ್ದರೂ ಆಟ ಮುಂದುವರಿಯುತ್ತಿರಬೇಕು. ಇದರಿಂದ ಮನೆ, ಓದು, ಉದ್ಯೋಗಕ್ಕೆ ಗಂಭೀರ ಪೆಟ್ಟು ಬಿದ್ದಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ. ಆಡುವವರಲ್ಲಿ ಸಣ್ಣ ಪಾಲಿಗೆ ಮಾತ್ರ ಇದು ಅನ್ವಯಿಸುತ್ತದೆ ಎಂದು ಸಂಸ್ಥೆಯೇ ಹೇಳಿದೆ.

ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಆ ಸಣ್ಣ ಪಾಲಿನವರ ಕಷ್ಟ ನಿಜವಾದ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್ ಕ್ಲಿನಿಕ್’ ಎಂಬ ವಿಭಾಗ ಇದಕ್ಕೆಂದೇ ಇದೆ. ನಿದ್ದೆ, ಊಟ, ಕೆಲಸ ಬಿಟ್ಟು ಆಡುವವರು ಮನೆಯಲ್ಲಿದ್ದರೆ ಬೈಗುಳಕ್ಕಿಂತ ಅಂಥ ಕಡೆ ಕರೆದೊಯ್ಯುವುದು ಮೇಲು. ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಆಡಿದರೆ ಮನಸ್ಸಿಗೆ ನೆಮ್ಮದಿಯೇ?

ಇದನ್ನು ತಿಳಿಯುವುದು ಕಷ್ಟ. ಖುಷಿಯಾಗಿರುವವರು ಹೆಚ್ಚು ಆಡುತ್ತಾರೋ, ಆಡುವುದರಿಂದ ಖುಷಿಯಾಗುತ್ತಾರೋ? ಜಪಾನಿನಲ್ಲಿ ಇದಕ್ಕೊಂದು ಅಪರೂಪದ ಅವಕಾಶ ಸಿಕ್ಕಿತು. ಕೊರೋನಾ ಕಾಲದಲ್ಲಿ ಗೇಮ್ ಯಂತ್ರಗಳಿಗೆ ಕೊರತೆಯಾಗಿ ಅಂಗಡಿಗಳು ಲಾಟರಿ ಎತ್ತಿ ಮಾರಿದವು. ಯಾರಿಗೆ ಸಿಗುತ್ತದೆ ಎಂಬುದು ಅದೃಷ್ಟದ ಮಾತಾದ್ದರಿಂದ, ಗೆದ್ದವರನ್ನೂ ಸಿಗದವರನ್ನೂ ಹೋಲಿಸಬಹುದಿತ್ತು. 2020ರಿಂದ 2022ರವರೆಗೆ 10ರಿಂದ 69 ವರ್ಷದ 97,000ಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಯಿತು, ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಯಂತ್ರ ಸಿಕ್ಕವರ ಮನಸ್ಸಿನ ಸ್ಥಿತಿ ಸ್ವಲ್ಪ ಸುಧಾರಿಸಿತ್ತು. ದಿನಕ್ಕೆ ಮೂರು ಗಂಟೆ ದಾಟಿದವರಲ್ಲಿ ಮಾತ್ರ ಆ ಲಾಭ ಇಳಿಮುಖವಾಗಿತ್ತು. ಎಲ್ಲರೂ ಮನೆಯಲ್ಲೇ ಕೂತಿದ್ದ ಕಾಲದ ಮಾತಿದು ಎಂಬುದು ನೆನಪಿರಲಿ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಸುಮಾರು 39,000 ಆಟಗಾರರ ಲೆಕ್ಕ ನೋಡಿದರು. ಎಷ್ಟು ಹೊತ್ತು ಆಡಿದರು ಎಂಬುದರಿಂದ ನೆಮ್ಮದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಷ್ಟಪಟ್ಟು ಆಡುತ್ತಾರೋ, ಆಡಲೇಬೇಕು ಎಂಬ ಒತ್ತಾಯಕ್ಕೆ ಆಡುತ್ತಾರೋ ಎಂಬುದೇ ಹೆಚ್ಚು ಮುಖ್ಯವಾಗಿತ್ತು.

ಎಲ್ಲ ಗೇಮೂ ಒಂದೇ ಅಲ್ಲ

ಹಣ ಕಟ್ಟಿ ಆಡುವ ಆಟವನ್ನೂ ಮಾರಿಯೋವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಂದೇಶಗಳು ಮಾಡುವ ದೊಡ್ಡ ತಪ್ಪು. ಕೇಂದ್ರ ಸರ್ಕಾರ 2025ರಲ್ಲಿ ತಂದ ಕಾಯ್ದೆ ನಿಷೇಧಿಸಿರುವುದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು. ಪಣವಿಲ್ಲದ ಮನರಂಜನೆಯ ಆಟಕ್ಕೆ ಆ ನಿಷೇಧವಿಲ್ಲ. ಅದರಾಚೆಗೆ, ‘ಫ್ರೀ’ ಎಂದು ಬರುವ ಕೆಲವು ಆಟಗಳು ನಡುನಡುವೆ ಜಾಹೀರಾತು ತೋರಿಸುತ್ತವೆ, ಕಾಯಬೇಡಿ ಹಣ ಕೊಡಿ ಎನ್ನುತ್ತವೆ. ಹೊರಗೆ ಎಷ್ಟೇ ಬಣ್ಣವಿದ್ದರೂ ಇವುಗಳಲ್ಲಿ ಎಚ್ಚರ ಬೇಕು.

ಆಡುವವರಿಗೆ ನಾಲ್ಕು ಮಾತು:

- ಫೋನಿನಲ್ಲಿ ಆಟದೊಳಗಿನ ಖರೀದಿಗೆ ಪಾಸ್‌ವರ್ಡ್ ಹಾಕಿಡಿ.
- ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಉರಿ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ.
- ಒಂದು ಹಂತ ಮುಗಿದಾಗ ನಿಲ್ಲಿಸಿ. ಈ ಆಟಗಳಲ್ಲಿ ಹಂತಗಳಿರುವುದು ನಿಲ್ಲಿಸಲು ಒಳ್ಳೆಯ ಅನುಕೂಲ.
- ಆಟ ನಿದ್ದೆಯನ್ನು, ನಡಿಗೆಯನ್ನು, ಮನೆಯವರೊಂದಿಗಿನ ಮಾತನ್ನು ನುಂಗುತ್ತಿದೆಯೇ ಎಂದು ಆಗಾಗ ನಿಮ್ಮನ್ನೇ ಕೇಳಿಕೊಳ್ಳಿ.

ಹಾಗಾದರೆ ಕೊನೆಗೆ?

ಬಣ್ಣಬಣ್ಣದ, ಹಗುರವಾದ ಆಟವೊಂದನ್ನು ದೊಡ್ಡವರು ಮಿತವಾಗಿ ಆಡುವುದು ಕಾಯಿಲೆ ಅಲ್ಲ, ಅದು ಔಷಧಿಯೂ ಅಲ್ಲ. ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ. ಕೆಲವು ಬಗೆಯ ಮರೆವಿಗೆ ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಂಥ ಚಿಕಿತ್ಸೆಯಿರುವ ಕಾರಣಗಳಿರುತ್ತವೆ. ತಡ ಮಾಡಿದಷ್ಟೂ ನಷ್ಟ. ಅಜ್ಜಿಗೆ ಮೊಮ್ಮಗಳ ಜೊತೆ ಕೂತು ಮಾರಿಯೋ ಆಡುವ ಆಸೆಯಿದ್ದರೆ ಧಾರಾಳವಾಗಿ ಆಡಲಿ. ಅದಕ್ಕೆ ಮೆದುಳು ಬೆಳೆಯುತ್ತದೆ ಎಂಬ ನೆಪ ಬೇಕಿಲ್ಲ, ಖುಷಿಯಾಗುತ್ತದೆ ಎಂಬ ಕಾರಣ ಸಾಕು.

ಮುಂದಿನ ಸಲ ಆ ಎರಡು ಸಂದೇಶಗಳಲ್ಲಿ ಯಾವುದೇ ಬಂದರೂ, ಮುಂದೆ ಕಳುಹಿಸುವ ಮೊದಲು ಕೇಳಿ: ಯಾವ ಆಟ, ಎಷ್ಟು ಹೊತ್ತು, ಎಷ್ಟು ಜನರ ಮೇಲೆ ನೋಡಿದ್ದು? ಉತ್ತರ ಇಲ್ಲದಿದ್ದರೆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.