ಗಡಸು ನೀರೂ, ಹಿತ್ತಲಿನ ಈಜುಕೊಳವೂ

ಫೀನಿಕ್ಸ್ ಕಡೆ ಮನೆ ಮಾಡಿರೋ ನಮ್ಮ ಕನ್ನಡದವರ ಮನೆಗೆ ಊಟಕ್ಕೆ ಹೋದ್ರೆ ಒಂದು ದೂರು ಗ್ಯಾರಂಟಿ ಕಿವಿಗೆ ಬೀಳುತ್ತೆ. "ಪೂಲಿನ ಟೈಲ್ ಮೇಲೆ ಬಿಳೀ ಗೆರೆ ಕಟ್ಟಿದೆ ಮಾರಾಯ್ರೆ, ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ!" ಇದಕ್ಕೆ ಸಿಗೋ ಉಪದೇಶವೂ ಒಂದೇ. ಪೂಲ್ ಸರ್ವೀಸಿನವನು ಬಂದು ಇಣುಕಿ ನೋಡಿ, ನೀರು ಹಳೇದಾಯ್ತು, ಎಲ್ಲಾ ಖಾಲಿ ಮಾಡಿ ಹೊಸದಾಗಿ ತುಂಬಿಸಿ ಅಂತಾನೆ. ಮೂರು ವರ್ಷಕ್ಕೊಮ್ಮೆ ಹೀಗೆ ಮಾಡೋದು ಇಲ್ಲಿ ಕಾರಿನ ಆಯಿಲ್ ಬದಲಾಯಿಸಿದಷ್ಟೇ ಮಾಮೂಲು. ನನಗೆ ಈ ಪದ್ಧತಿ ಸುತರಾಂ ಒಪ್ಪಿಗೆ ಇಲ್ಲ.

ಮೊದಲು ಲೆಕ್ಕ ನೋಡೋಣ. 30 ಅಡಿ ಉದ್ದ, 15 ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳದ ಕೊಳ ಅಂದ್ರೆ 57,000 ಲೀಟರ್ ನೀರು. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ 12,000 ಲೀಟರಿನ ಟ್ಯಾಂಕರ್ ಸುಮಾರು ಐದು. ಒಂದು ಮನೆಯ ಹಿತ್ತಲಿನಿಂದ ಒಂದೇ ದಿನಕ್ಕೆ ಚರಂಡಿಗೆ! ಇಲ್ಲಿ ಬೀಳೋ ಮಳೆ ವರ್ಷಕ್ಕೆ ಏಳೆಂಟು ಇಂಚು ಅಷ್ಟೆ. ನೀರಿನಲ್ಲಿ ದೊಡ್ಡ ಪಾಲು ಬರೋದು ಕೊಲೊರಾಡೊ ನದಿಯಿಂದ, ಮರುಭೂಮಿ ದಾಟಿ 336 ಮೈಲಿ ಉದ್ದದ ಕಾಲುವೆಯಲ್ಲಿ. 2021ರ ಆಗಸ್ಟ್‌ನಲ್ಲಿ ಆ ನದಿಗೆ ಇತಿಹಾಸದಲ್ಲೇ ಮೊದಲ ಸಲ ಅಧಿಕೃತವಾಗಿ ಕೊರತೆ ಘೋಷಣೆ ಆಯ್ತು. 2022ಕ್ಕೆ ಅರಿಜೋನಾದ ಪಾಲಿನಲ್ಲಿ 5,12,000 ಎಕರೆ-ಅಡಿ, ಅಂದ್ರೆ ಶೇಕಡಾ 18ರಷ್ಟು ಕಡಿತ. ಪೆಟ್ಟು ಮೊದಲು ಬಿದ್ದಿದ್ದು ಪಿನಾಲ್ ಕೌಂಟಿಯ ರೈತರಿಗೆ. ಹಿತ್ತಲಿನ ಕೊಳಗಳಿಗಲ್ಲ.

ಇನ್ನು ಆ ಬಿಳೀ ಗೆರೆ ಎಲ್ಲಿಂದ ಬರುತ್ತೆ? ಕೊಲೊರಾಡೊ ಸುಣ್ಣಕಲ್ಲು, ಜಿಪ್ಸಂ ಎಲ್ಲಾ ಕರಗಿಸಿಕೊಂಡು ಬರೋ ನದಿ. ನಲ್ಲಿಯಲ್ಲೇ ನೀರು ಗಡಸು. ಅದರ ಮೇಲೆ ಇಲ್ಲಿನ ಬಿಸಿಲಿಗೆ ಕೊಳದಿಂದ ವರ್ಷಕ್ಕೆ ಐದಾರು ಅಡಿ ನೀರು ಆವಿಯಾಗುತ್ತೆ. ಗಮನಿಸಿ, ಕೊಳದ ಆಳವೇ ನಾಲ್ಕೂವರೆ ಅಡಿ! ಅಂದ್ರೆ ಇಡೀ ಕೊಳದಷ್ಟು ನೀರು, ಮೇಲೆ ಇನ್ನಷ್ಟು, ವರ್ಷವರ್ಷವೂ ಗಾಳಿಗೆ ಹೋಗುತ್ತೆ. ಹೋಗೋದು ಬರೀ ನೀರು, ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತೆ. ನಾವು ಮತ್ತೆ ಗಡಸು ನೀರೇ ಸೇರಿಸ್ತೀವಿ. ಸಾರು ಕುದಿಸ್ತಾ ಕುದಿಸ್ತಾ ಉಪ್ಪು ಜಾಸ್ತಿ ಆಗೋ ಹಾಗೆ. ನೀರಿನ ಕ್ಯಾಲ್ಸಿಯಂ 170 ಪಿಪಿಎಂನಿಂದ ಶುರುವಾಯ್ತು ಅಂತಿಟ್ಕೊಳ್ಳಿ, ವರ್ಷಕ್ಕೆ ಹೆಚ್ಚುಕಡಿಮೆ 200 ಸೇರಿದ್ರೆ ಮೂರನೇ ವರ್ಷದ ಕೊನೆಗೆ 770. ಸರ್ವೀಸಿನವನ ಮೂರು ವರ್ಷದ ಶಾಸ್ತ್ರ ಹುಟ್ಟಿದ್ದು ಇಲ್ಲೇ.

ಇದರಿಂದಲೇ ತಿಳೀಬೇಕಲ್ಲವೇ, ಖಾಲಿ ಮಾಡಿ ತುಂಬಿಸಿದ್ರೆ ಗಡಿಯಾರ ಹಿಂದಕ್ಕೆ ತಿರುಗಿಸಿದ ಹಾಗೆ ಅಷ್ಟೇ ಅಂತ. ತುಂಬಿಸೋ ನೀರೂ ಅದೇ ಗಡಸು ನೀರು, ಮೇಲಿರೋದು ಅದೇ ಬಿಸಿಲು.

ನಾನು ಕೋಲಾರದ ಕಡೆಯವನು. ನಮ್ಮಜ್ಜಿಗೆ ಪಿಪಿಎಂ ಗೊತ್ತಿರಲಿಲ್ಲ, ಆದ್ರೆ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ ಅನ್ನೋದು ಚೆನ್ನಾಗಿ ಗೊತ್ತಿತ್ತು. ಅಡಿಗೆಗೆ ದೂರದಿಂದ ಹೊತ್ತು ತಂದ ಸಿಹಿನೀರು, ಮಿಕ್ಕಿದ್ದಕ್ಕೆಲ್ಲಾ ಬೋರ್‌ವೆಲ್ ನೀರು. ಪಾತ್ರೆಯ ಒಳಗೆ ಬಿಳಿ ಪದರ ಕಟ್ಟಿದ್ರೆ ಹುಣಸೆಹಣ್ಣು ಹಾಕಿ ತಿಕ್ಕೋರು. ಗಡಸು ಅಂತ ಒಂದು ಬಿಂದಿಗೆ ನೀರನ್ನೂ ಚೆಲ್ಲಿದ್ದು ನಾನು ನೋಡಿಲ್ಲ. ಅಂಥಾ ಊರುಗಳಿಂದ ಬಂದ ನಾವು ಇಲ್ಲಿ ಒಂದು ಗೆರೆಗೋಸ್ಕರ ಐದು ಟ್ಯಾಂಕರ್ ಚೆಲ್ಲೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ ಸ್ವಾಮಿ.

ಅಂದ ಹಾಗೆ ಆ ಹುಣಸೆಹಣ್ಣಿನ ವಿದ್ಯೆಯೇ ಇಲ್ಲೂ ಕೆಲಸಕ್ಕೆ ಬರೋದು :-) ಹುಳಿಗೆ ಸುಣ್ಣ ಕರಗುತ್ತೆ, ಅಷ್ಟೆ. ಕ್ಯಾಲ್ಸಿಯಂ ನೀರಲ್ಲಿ ಕರಗಿರುತ್ತೋ, ಹೊರಗೆ ಬಂದು ಟೈಲಿಗೆ ಅಂಟುತ್ತೋ ಅನ್ನೋದು ಅದರ ಪ್ರಮಾಣ ಒಂದರಿಂದಲೇ ತೀರ್ಮಾನ ಆಗಲ್ಲ. ಪಿಎಚ್, ಆಲ್ಕಲಿನಿಟಿ, ನೀರಿನ ಬಿಸಿ ಎಲ್ಲಾ ಸೇರಬೇಕು. ಬರ್ಕ್ಲಿಯ ಪ್ರೊಫೆಸರ್ ಲ್ಯಾಂಗ್ಲಿಯರ್ 1936ರಲ್ಲೇ ಇದಕ್ಕೊಂದು ಸೂಚ್ಯಂಕ ಕೊಟ್ಟರು, ನಗರದ ನೀರಿನ ಕೊಳವೆಗಳ ಸಲುವಾಗಿ. ಅದರ ಪ್ರಕಾರ ಲೆಕ್ಕ ಹಾಕಿದ್ರೆ, ಕ್ಯಾಲ್ಸಿಯಂ 600 ಇದ್ರೂ ಪಿಎಚ್ 7.5ರ ಆಸುಪಾಸು, ಆಲ್ಕಲಿನಿಟಿ 60-70ರಲ್ಲಿ ಇಟ್ಟುಕೊಂಡ್ರೆ ಪದರ ಕಟ್ಟೋ ಭಯ ತೀರಾ ಕಡಿಮೆ. ಪುಸ್ತಕದಲ್ಲಿ 200ರಿಂದ 400 ಅಂತಿರುತ್ತೆ, ನಿಜ. ಆದ್ರೆ 401 ಆದ ತಕ್ಷಣ ಮೋಟಾರು ಹಚ್ಚಬೇಕಾಗಿಲ್ಲ. ವಾರಕ್ಕೆ ಒಂದೆರಡು ಸಲ ಪಿಎಚ್ ನೋಡಿ, ಬೇಕಾದಷ್ಟು ಮ್ಯೂರಿಯಾಟಿಕ್ ಆಸಿಡ್ ಹಾಕಿದ್ರೆ ಸಾಕು. (ಪಂಪ್ ಓಡ್ತಿರುವಾಗ ನಿಧಾನಕ್ಕೆ ಸುರೀರಿ. ಕ್ಲೋರಿನ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ, ಪ್ರಾಣಕ್ಕೆ ಅಪಾಯ.) ಕಾರಂಜಿ, ಜಲಪಾತ ಅಂತ ಶೋಕಿ ಇದ್ರೆ ಪಿಎಚ್ ಬೇಗ ಏರುತ್ತೆ, ಅದನ್ನ ಸ್ವಲ್ಪ ಬಂದ್ ಮಾಡಿ.

ಹಾಗಾದ್ರೆ ಮೃದು ನೀರೇ ತುಂಬಿಸಿಬಿಡೋಣ, ಸಾಫ್ಟನರ್ ಹಾಕಿಸೋಣ ಅನ್ನೋರಿದ್ದಾರೆ. ಪೂರ್ತಿ ಮೃದು ನೀರೇ ತುಂಬಿಸಿದ್ರೆ ಕ್ಯಾಲ್ಸಿಯಂಗೆ ಹಸಿದ ಆ ನೀರು ಕೊಳದ ಪ್ಲಾಸ್ಟರನ್ನೇ ತಿನ್ನೋಕೆ ಶುರುಮಾಡುತ್ತೆ. ಆವಿಯಾದಷ್ಟು ಮಾತ್ರ ಸೇರಿಸೋಕೆ ಅದು ಉಪಯೋಗವೇ, ಇಲ್ಲ ಅನ್ನಲ್ಲ. ಆದ್ರೆ ಸಾಫ್ಟನರ್ ಮೂಟೆಗಟ್ಟಲೆ ಉಪ್ಪು ಕುಡಿದು ಚರಂಡಿಗೆ ಕಾರುತ್ತೆ. ಫೀನಿಕ್ಸಿನ ಕೊಳಚೆ ನೀರು ಶುದ್ಧವಾಗಿ ಹೋಗೋದು ಪಾಲೋ ವರ್ಡೆ ಅಣುಸ್ಥಾವರವನ್ನ ತಂಪು ಮಾಡೋಕೆ, ಹೊಲಗಳಿಗೆ. ಉಪ್ಪು ಮಾಮೂಲಿ ಶುದ್ಧೀಕರಣಕ್ಕೆ ಬಗ್ಗಲ್ಲ, ನೀರಿನ ಜೊತೆಗೇ ಹೋಗುತ್ತೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೋಲಾರದ ಕೆರೆಗಳಿಗೆ ಬರ್ತಿದೆಯಲ್ಲ, ಹಾಗಾಗಿ ಒಬ್ಬರ ಬಚ್ಚಲಿನ ನೀರು ಇನ್ನೊಬ್ಬರ ಕೆರೆಗೆ ಅನ್ನೋದು ನನಗಂತೂ ಬರೀ ಮಾತಲ್ಲ.

ನಿಜವಾಗಿ ಮಾಡಬೇಕಾದ್ದು ಆವಿ ತಡೆಯೋದು. ಕೊಳಕ್ಕೆ ಕವರ್ ಹಾಕಿದ್ರೆ ಮತ್ತೆ ತುಂಬಿಸೋ ನೀರು ಅರ್ಧದಷ್ಟು ಉಳಿಯಬಹುದು, ಕ್ಯಾಲ್ಸಿಯಂ ಏರೋದೂ ಅಷ್ಟೇ ನಿಧಾನ. ಇದನ್ನ ಹೇಳಿದ್ರೆ ಮಾತ್ರ ಎಲ್ಲರ ಮುಖ ಸಣ್ಣಗಾಗುತ್ತೆ. ಜುಲೈನಲ್ಲಿ ಕವರ್ ಕೆಳಗಿನ ನೀರು ಬಚ್ಚಲ ಹಂಡೆ ಥರಾ ಆಗುತ್ತೆ ಅಂತಾರೆ. ನೀಲಿ ಗುಳ್ಳೆಗಳ ಸೋಲಾರ್ ಕವರ್ ಆದ್ರೆ ಹೌದು. ಬಿಸಿಲು ಒಳಗೆ ಬಿಡದ ತಿಳಿಬಣ್ಣದ್ದು ಹಾಕಿ, ಇಲ್ಲಾ ಮೇಲೆ ನೆರಳಿಗೆ ಬಟ್ಟೆ ಕಟ್ಟಿಸಿ. ಇನ್ನೊಂದು ಮಾತು ಅಂದ್ರೆ ನೋಡೋಕೆ ಚೆನ್ನಾಗಿರಲ್ಲ ಅನ್ನೋದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ!

ಕ್ಲೋರಿನ್ ಪುಡಿ ಕೊಳ್ಳೋವಾಗಲೂ ನೋಡಿ. ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಅಂತಿದ್ರೆ ಹೆಸರಲ್ಲೇ ಇದೆಯಲ್ಲ, ದುಡ್ಡು ಕೊಟ್ಟು ಕ್ಯಾಲ್ಸಿಯಂ ಸೇರಿಸಿದ ಹಾಗೆ. ದೊಡ್ಡ ಬಿಲ್ಲೆಗಳಲ್ಲಿ ಅದಿಲ್ಲ, ಆದ್ರೆ ಸಯನ್ಯೂರಿಕ್ ಆಸಿಡ್ ಶೇಖರವಾಗಿ ಅದೇ ಖಾಲಿ ಮಾಡೋಕೆ ಇನ್ನೊಂದು ನೆಪ ಆಗುತ್ತೆ. ದ್ರವ ಕ್ಲೋರಿನ್ ವಾಸಿ.

ಇಷ್ಟೆಲ್ಲಾ ಮಾಡಿದ್ರೂ ಒಂದು ದಿನ 900, 1000 ಮುಟ್ಟಬಹುದು. ಆಗ ಟ್ರೇಲರಿನಲ್ಲಿ ರಿವರ್ಸ್ ಆಸ್ಮೋಸಿಸ್ ಯಂತ್ರ ತಂದು, ಕೊಳದ ನೀರನ್ನ ಅಲ್ಲೇ ಸೋಸಿ ವಾಪಸ್ ಬಿಡೋರು ಈ ಊರಲ್ಲಿದ್ದಾರೆ. ಖಾಲಿ ಮಾಡೋದಕ್ಕಿಂತ ದುಬಾರಿ, ಆದ್ರೆ ಹೆಚ್ಚಿನ ಪಾಲು ನೀರು ಉಳಿಯುತ್ತೆ. ನೀರು ಇಷ್ಟು ಅಗ್ಗವಾಗಿರೋದ್ರಿಂದಲೇ ಇದು ದುಬಾರಿ ಅನ್ನಿಸೋದು ಅಂತ ನನ್ನ ಅಭಿಪ್ರಾಯ.

ಹಾಂ, ಈಗಾಗಲೇ ಕಟ್ಟಿರೋ ಗೆರೆಗೆ ಮೊದಲು ವಿನಿಗರ್ ಸವರಿ ನೋಡಿ. ಬಗ್ಗದಿದ್ರೆ ಪ್ಯೂಮಿಸ್ ಕಲ್ಲನ್ನ ಒದ್ದೆ ಮಾಡಿಕೊಂಡು ಮೆಲ್ಲಗೆ ಉಜ್ಜಿ. ಗಾಜಿನ ಟೈಲ್ ಆದ್ರೆ ಕಲ್ಲು ಬೇಡ, ಗೀರು ಬೀಳುತ್ತೆ.