ಅರ್ಧ ಕೆಟ್ಟ ಎಂಜಿನ್

ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಈಚೆಗೆ ವಿಮಾನ ಚಾಲನೆ ಕಲಿಯಲು ಸೇರಿದ್ದಾಳೆ. ಹಿಗ್ಗಬೇಕೋ ಹೆದರಬೇಕೋ ತಿಳಿಯದ ಅವಳ ತಾಯಿ ಮೊನ್ನೆ ಕೇಳಿದರು: “ಅಲ್ಲಾ, ಮೇಲಕ್ಕೆ ಎದ್ದ ಕೂಡಲೇ ಎಂಜಿನ್ ನಿಂತುಹೋದರೆ ಏನ್ರೀ ಗತಿ?” ಕಡತಗಳ ನಡುವೆ ಬಾಳುವ ಗುಮಾಸ್ತನನ್ನು ಕೇಳುವ ಪ್ರಶ್ನೆಯಲ್ಲ. ಆದರೂ ಓದಿ ತಿಳಿದುಕೊಂಡೆ. ಇಂಥ ಮಕ್ಕಳಿರುವ ಮನೆಗಳು ನಮ್ಮಲ್ಲಿ ಇನ್ನೂ ಇರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಕಲಿಯುವವರಿಗೆ ಚಿರಪರಿಚಿತವಾದ ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನ, ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ತೇಲುತ್ತದೆ. ಆದರೆ ವೇಗ ಉಳಿದಿರಬೇಕು. ಏರುವಾಗ ವಿಮಾನದ ಮೂತಿ ಮೇಲಕ್ಕಿರುವುದರಿಂದ, ಎಂಜಿನ್ ನಿಂತೊಡನೆ ವೇಗ ಕೆಲವೇ ಕ್ಷಣಗಳಲ್ಲಿ ಸೋರಿಹೋಗುತ್ತದೆ. ಆದುದರಿಂದ ಮೊದಲ ಕೆಲಸ ಮೂತಿಯನ್ನು ಕೆಳಗೆ ಬಾಗಿಸುವುದು. ನೆಲ ಇಷ್ಟು ಹತ್ತಿರವಿರುವಾಗ ನೆಲದ ಕಡೆಗೇ ಬಾಗಿಸುವುದೆಂದರೆ ಮನಸ್ಸು ಒಪ್ಪದು, ಕೈಗೆ ಅಭ್ಯಾಸವಾಗಿರಬೇಕು. ಅನಂತರ ಎದುರಿಗೆ, ಇಲ್ಲವೆ ಕೊಂಚ ಎಡಬಲಕ್ಕೆ, ಬಯಲನ್ನೋ ಹೊಲವನ್ನೋ ಆರಿಸಿಕೊಂಡು, ಸಮಯವಿದ್ದರೆ ಇಂಧನವನ್ನೂ ವಿದ್ಯುತ್ತನ್ನೂ ನಿಲ್ಲಿಸಿ, ಬಾಗಿಲ ಚಿಲಕ ತೆಗೆದು, ಇಳಿಯುವುದು.

ಬಿಟ್ಟುಬಂದ ರನ್‌ವೇಗೇ ತಿರುಗಿ ಬರಬಾರದೇಕೆ? ಎಲ್ಲರಿಗೂ ಹಾಗೆಯೇ ಅನ್ನಿಸುತ್ತದೆ. ಲೆಕ್ಕ ನೋಡಿ. ನಿಧಾನವಾಗಿ, ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಅರ್ಧ ಸುತ್ತಿಗೆ ಪೂರಾ ಒಂದು ನಿಮಿಷ ಬೇಕು. ಅಷ್ಟರಲ್ಲಿ ಸೆಸ್ನಾ ಸುಮಾರು 700 ಅಡಿ ಇಳಿದಿರುತ್ತದೆ. ಅವಸರಪಟ್ಟು 45 ಡಿಗ್ರಿ ವಾಲಿಸಿ ತಿರುಗಿಸಿದರೆ, ರೆಕ್ಕೆಗೆ ಗಾಳಿಯ ಆಧಾರ ತಪ್ಪದಿರಲು ಬೇಕಾದ ವೇಗ ನೂರಕ್ಕೆ 19ರಷ್ಟು ಹೆಚ್ಚುತ್ತದೆ. ಸಾಲದ್ದಕ್ಕೆ, ಅರ್ಧ ಸುತ್ತು ಮುಗಿದಾಗ ರನ್‌ವೇ ಎದುರಿಗಿರದೆ ಪಕ್ಕದಲ್ಲಿರುತ್ತದೆ, ಇನ್ನಷ್ಟು ತಿರುಗಬೇಕು. ಚಾಲಕರು ಇದನ್ನು ‘ಅಸಾಧ್ಯ ತಿರುವು’ ಎಂದೇ ಕರೆಯುತ್ತಾರೆ. ಎತ್ತರ ಸಾಕಷ್ಟಿದ್ದರೆ ಸಾಧ್ಯವುಂಟು. ಎಷ್ಟಿದ್ದರೆ ಸಾಕು ಎಂಬುದನ್ನು ಮಾತ್ರ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರಬೇಕು.

ಹಾಲಿವುಡ್ಡಿನ ನಟ ಹ್ಯಾರಿಸನ್ ಫೋರ್ಡ್ 2015ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ತಮ್ಮ ಹಳೆಯ ವಿಮಾನದಲ್ಲಿ ಎದ್ದ ಸ್ವಲ್ಪ ಹೊತ್ತಿಗೆ ಎಂಜಿನ್ ಸೋತಿತು. ಕಾರ್ಬುರೇಟರಿನ ಒಂದು ಪುಟ್ಟ ಭಾಗ ಸಡಿಲವಾಗಿತ್ತು, ಅಷ್ಟೇ. ಹಿಂದಿರುಗಲು ಹೊರಟವರು, ರನ್‌ವೇ ಎಟುಕದೆಂದು ಕಂಡು ಗಾಲ್ಫ್ ಮೈದಾನದಲ್ಲಿ ಇಳಿಸಿದರು. ಪೆಟ್ಟಾಯಿತು, ಜೀವ ಉಳಿಯಿತು. ಛಲ ಹಿಡಿಯದೆ ಮನಸ್ಸು ಬದಲಿಸಿದ್ದು ಜಾಣತನವೆಂದೇ ನನ್ನ ಎಣಿಕೆ.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಬೇರೆ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಇಲಾಖೆ 2000ದಿಂದ 2010ರವರೆಗೆ ಒಂಟಿ ಎಂಜಿನ್ನಿನ ವಿಮಾನಗಳು ಎದ್ದೊಡನೆ ಕೆಟ್ಟ ಪ್ರಸಂಗಗಳನ್ನು ಎಣಿಸಿತು. ಎಂಜಿನ್ ಪೂರ್ತಿ ನಿಂತದ್ದು 75 ಸಲ, ಒಂದರಲ್ಲಿಯೂ ಸಾವಿಲ್ಲ. ನಿಲ್ಲದೆ, ಬಲ ಮಾತ್ರ ಕುಂದಿದ್ದು 242 ಸಲ. ಅವುಗಳಲ್ಲಿ 9 ಮಾರಕವಾದವು. ಎಂಜಿನ್ ಸತ್ತರೆ ಚಾಲಕನಿಗೆ ಬೇರೆ ದಾರಿಯಿಲ್ಲ, ಇಳಿಯುತ್ತಾನೆ. ಕೆಮ್ಮುತ್ತ ನಡೆಯುತ್ತಿದ್ದರೆ ಆಸೆ ಬಿಡುವುದಿಲ್ಲ. ಹೇಗೋ ಮರಳಿ ಮುಟ್ಟೇನು ಎಂದು ಮೂತಿ ಎತ್ತಿ ಹಿಡಿಯುತ್ತಾನೆ, ವೇಗ ಕಳೆದುಕೊಳ್ಳುತ್ತಾನೆ. ನಿಂತ ಗಡಿಯಾರವನ್ನು ಯಾರೂ ನಂಬುವುದಿಲ್ಲ. ರೈಲು ತಪ್ಪಿಸುವುದು ಹಿಂದೆ ಬಿದ್ದ ಗಡಿಯಾರವೇ.

ಇದಕ್ಕೆಂದೇ ಒಳ್ಳೆಯ ಶಿಕ್ಷಕರು ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಪ್ರತಿಸಲವೂ ರನ್‌ವೇಗೆ ಹೋಗುವ ಮೊದಲು ಶಿಷ್ಯ ಗಟ್ಟಿಯಾಗಿ ಹೇಳಬೇಕು: ನೆಲ ಬಿಡುವ ಮುನ್ನ ತೊಂದರೆಯಾದರೆ ಅಲ್ಲೇ ನಿಲ್ಲಿಸುತ್ತೇನೆ, ಇಷ್ಟು ಅಡಿಯೊಳಗೆ ಕೆಟ್ಟರೆ ನೇರವಾಗಿ ಆ ಬಯಲಿಗೆ ಇಳಿಯುತ್ತೇನೆ, ಅದಕ್ಕೂ ಮೇಲಿದ್ದರೆ ಮಾತ್ರ ತಿರುಗುವ ಯೋಚನೆ. ಮಗುವನ್ನು ಸೇರಿಸಲು ಹೋದವರು ಶುಲ್ಕ, ವಸತಿ ವಿಚಾರಿಸುವಾಗ, ಈ ಮಾತನ್ನು ದಿನವೂ ಹೇಳಿಸುತ್ತೀರಾ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.